ಜಗಲಿಯ ಕಡೆ ಮುಖ ಮಾಡಿದ ಫ್ಯಾನು

ನನ್ನ ಕಂಪ್ಯೂಟರಿಗೆ ನಮ್ಮ ಮನೆಯಲ್ಲಿ ಸಿಕ್ಕಿದ್ದು ಪಡಸಾಲೆಯ ಮೂಲೆ. ಅದರ ಬೆನ್ನ ಹಿಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಪಟಗಳನ್ನಿಟ್ಟು ದೀಪ ಹಚ್ಚುವ ದೇವರ ಜಗಲಿ. ಸವಣೂರಿನ ಆ ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ ಅಂತಲ್ಲ. ರಸ್ತೆಗೆ ಬಾಗಿಲಿದ್ದ ಮುಂದಿನ ಕೋಣೆ ಅಗಲವಾಗಿತ್ತು, ಕಿಟಕಿಗಳಿದ್ದವು, ಬೇಸಿಗೆಗೆ ಕೂಲರ್ ಕೂಡ ಇತ್ತು. ಆದರೆ ಅದು ಅಣ್ಣನ ಸ್ಟುಡಿಯೋ. ಮದುವೆ ಮನೆಗಳಿಗೆ ಹೋಗಿ ಕ್ಯಾಮೆರಾ ಹಿಡಿಯುವವನು ಅವನು. ಅವನು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ಅಳುವ ಕೂಸನ್ನೂ ಊಟದ ಪಂಕ್ತಿಯಲ್ಲಿ ನುಗ್ಗಿದ ನಾಯಿಯನ್ನೂ ತೆಗೆದುಹಾಕಿ, ಹಾಡು ಕೂಡಿಸಿ, ನೋಡುವಂಥ ಮದುವೆ ಮಾಡಿಕೊಡುವವಳು ನಾನು. ಬೋರ್ಡಿನ ಮೇಲೆ ಹೆಸರು ಅವನದು. ಗಿರಾಕಿಗಳು ಬಂದರೆ ಕೂಲರ್ ಮುಂದೆ ಕೂರುತ್ತಿದ್ದರು. ಅವರ ಮದುವೆ ನನ್ನ ಮೂಲೆಯಲ್ಲಿ ಬೇಯುತ್ತಿತ್ತು.

ಮಷೀನು ಮಾತ್ರ ನನ್ನದು. ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತ, ಒಂದೊಂದೇ ಭಾಗ ಕೊಂಡು ತಂದು, ನಾನೇ ಕೂತು ಜೋಡಿಸಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ನೆಂಟರ ಮುಂದೆ ಅಣ್ಣ "ನಮ್ಮ ಮಷೀನು" ಅನ್ನುತ್ತಿದ್ದ. ಅವ್ವ "ನಿಮ್ಮಣ್ಣನ ಕಂಪ್ಯೂಟರು" ಅನ್ನುತ್ತಿದ್ದಳು.

ಶಿಗ್ಗಾಂವಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ಶಾಲೆಯಲ್ಲಿ ಒಂದೇ ಬೆಂಚಿನವಳು. ಬಸ್ ಸ್ಟ್ಯಾಂಡಿನ ಹತ್ತಿರ ಜಂಪರ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅಂಗಡಿ ಅವಳಿಗೆ ದೊಡ್ಡದಾಯಿತು, ಅರ್ಧ ಖಾಲಿ ಬಿದ್ದಿತ್ತು. ಒಂದು ದಿನ ಫೋನು ಮಾಡಿದಳು.

"ಏ, ನಿನ್ನ ಡಬ್ಬಿ ತಗೊಂಡು ಬಾ. ಈ ಕಡೆ ನಾ ಹೊಲಿತೇನಿ, ಆ ಕಡೆ ನೀ ಮದುವಿ ಕತ್ತರಿಸು. ಬೋರ್ಡಿನ ಮ್ಯಾಲ ನಿನ್ನ ಹೆಸರ ಬರಸೋಣು. ಗಾಳಿ ಬಂದಾಗ ತೂರಿಕೋಬೇಕ್ ನೋಡು."

ನನ್ನ ಹೆಸರಿನ ಬೋರ್ಡು! ನಾನು ಅಂದು ಊಟ ಮಾಡಿದ್ದು ಯಾವ ಪಲ್ಯ ಅಂತಲೂ ನೆನಪಿಲ್ಲ. ಅಣ್ಣನಿಗೆ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, "ಈ ಸೀಜನ್ ಒಂದು ಮುಗೀಲಿ, ನೋಡೋಣಂತ" ಅಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವನು ಪಳಗಿದವನು. ನಾನು ಅದನ್ನೇ ವಚನ ಅಂತ ತೆಗೆದುಕೊಂಡೆ. ಜ್ಯೇಷ್ಠ ಮಾಸದ ಕೊನೆಯ ಮುಹೂರ್ತದವರೆಗೆ ಈ ಮಷೀನು ಬದುಕಬೇಕು, ಆಮೇಲೆ ಅದನ್ನು ಸೀರೆಯಲ್ಲಿ ಸುತ್ತಿ ಶಿಗ್ಗಾಂವಿ ಬಸ್ಸು ಹತ್ತಬೇಕು. ನನ್ನ ಲೆಕ್ಕಾಚಾರ ಇಷ್ಟೇ ಇತ್ತು.

ಬದುಕುವುದು ಅಂದರೆ ಸುಲಭವಲ್ಲ. ನಮ್ಮ ಕಡೆ ಲಗ್ನಗಳೆಲ್ಲ ಬೀಳುವುದು ಬಿಸಿಲು ನೆತ್ತಿ ಸೀಳುವ ತಿಂಗಳುಗಳಲ್ಲಿ. ವರ್ಷವೆಲ್ಲ ಸುಮ್ಮನಿದ್ದ ಮಷೀನಿಗೆ ಮೈ ತುಂಬ ಕೆಲಸ ಬರುವುದು, ಪಡಸಾಲೆಯ ತಗಡು ಕಾದು ಟಪ ಟಪ ಅನ್ನುವ ಹೊತ್ತಿಗೇ. ತುಣುಕುಗಳನ್ನು ಜೋಡಿಸುವವರೆಗೆ ಅದಕ್ಕೆ ಅಷ್ಟು ಕಷ್ಟವಿಲ್ಲ. ಜೋಡಿಸಿದ್ದನ್ನೆಲ್ಲ ಕೂಡಿಸಿ ಒಂದೇ ಚಿತ್ರವಾಗಿ ಅಚ್ಚು ಹಾಕುವುದಕ್ಕೆ ರೆಂಡರ್ ಅನ್ನುತ್ತಾರೆ. ಆಗ ಅದರ ಎದೆ ಹೊತ್ತಿ ಉರಿಯುತ್ತದೆ. ಒಳಗಿನ ಬಿಸಿ ಹೊರಗೆ ಹೋಗದಿದ್ದರೆ ಮೊದಲು ನಿಧಾನವಾಗುತ್ತದೆ, ಆಮೇಲೆ ಮುಕ್ಕಾಲು ಮದುವೆ ಆದಮೇಲೆ ಟಪ್ಪನೆ ತಾನೇ ಬಂದ್ ಆಗುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಮಂಟಪ ಕುಸಿದ ಹಾಗೆ.

ಆ ಬೇಸಿಗೆಯ ಶುರುವಿಗೆ ಮಷೀನಿನ ಡಬ್ಬಿಯ ಜೊತೆ ಬಂದಿದ್ದ ಒಂದೇ ಒಂದು ಸಣ್ಣ ಫ್ಯಾನು ಇತ್ತು. ಗಾಳಿಗಿಂತ ಸಪ್ಪಳವೇ ಜಾಸ್ತಿ. ಒಂದು ಮಧ್ಯಾಹ್ನ ಕ್ಲಾಸು ಮುಗಿಸಿ ಮನೆಗೆ ಬಂದು ನೋಡಿದರೆ, ಡಬ್ಬಿಯ ತಲೆಯ ಮೇಲೆ, ಬಿಸಿ ಹೋಗಲೆಂದೇ ಇಟ್ಟ ಜಾಳಿಗೆಯ ಮೇಲೆ, ಒದ್ದೆ ಬಟ್ಟೆ! ಅವ್ವ ಪಕ್ಕದಲ್ಲಿ ಕೂತು ಕಡ್ಲಿಬ್ಯಾಳಿ ಹಸನು ಮಾಡುತ್ತಿದ್ದಳು.

"ಮೈ ಕೆಂಡಾಗೇತೆವಾ ಅದರದು. ಮುಟ್ಟಿ ನೋಡಿದೆ. ಜ್ವರಾ ಬಂದವ್ರಿಗೆ ಹಾಕಂಗಿಲ್ಲೇನು, ಹಂಗ ಹಾಕೇನಿ."

ನಾನು ಕಿರುಚಿಕೊಂಡೆ. ಬಟ್ಟೆ ಎಳೆದು ಎಸೆದೆ. ಬಟ್ಟೆ ಹಿಂಡಿ ಹಾಕಿದ್ದಳು, ಪುಣ್ಯಕ್ಕೆ ನೀರು ಒಳಗೆ ಇಳಿದಿರಲಿಲ್ಲ. ನೀರು ತಗುಲಿದರೆ ಅದು ಸಾಯುತ್ತದೆ ಅಂತ ತಿಳಿಹೇಳಿದೆ. "ಬಿಸಿ ಆದದ್ದಕ್ಕ ತಂಪು ಮಾಡಿದ್ರ ಸಾಯತೈತಿ ಅಂತೀಯಲ್ಲ, ಎಂಥಾದ್ದ ಅದು" ಅಂತ ಅವ್ವ ಗೊಣಗಿದಳು. ಅವಳ ಪಾಲಿಗೆ ಅದು ನನ್ನ ಸಾಲಿ ಕಲಿತ ಬುದ್ಧಿಯ ಇನ್ನೊಂದು ಧಿಮಾಕು.

ಅಂದಿನಿಂದ ನಾನು ಫ್ಯಾನು ಓದತೊಡಗಿದೆ. ಕೂಸು ಬೇಕಾದವರು ದರ್ಗಾ, ಗುಡಿ ಸುತ್ತುವ ಹಾಗೆ ನಾನು ವಿಡಿಯೋಗಳನ್ನು ಸುತ್ತಿದೆ. ಒಂದು ದಿನ ಯಲವಿಗಿಗೆ ಹೋಗಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಬಿಡಿಭಾಗದ ಅಂಗಡಿಯವ ನನ್ನನ್ನು ನೋಡಿ, ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೇನೋ ಅಂತ ಬಾಗಿಲ ಕಡೆ ನೋಡಿದ.

"ಹೇಳ್ರಿ ಅಕ್ಕಾರ. ಲೈಟಿಂದ ಕೊಡ್ಲೇನ್ರಿ? ಏಳು ಬಣ್ಣಾ ಬರ್ತಾವ."

"ಬಣ್ಣ ಬ್ಯಾಡ್ರಿ. ನಾಕ ವಾಯರಿಂದು ಕೊಡ್ರಿ. ಮುಂದ ಹಾಕಾಕ ಅಗಲ ರೆಕ್ಕಿವು ಎರಡು, ಹಿಂದ ಹಾಕಾಕ ನಿಮ್ಮಲ್ಲಿ ಇರೋದರಾಗ ದೊಡ್ಡದು."

ಅವನ ಮುಖ ನೋಡಬೇಕಿತ್ತು. ಎರಡು ವಾಯರಿನ ಫ್ಯಾನಿಗೆ ಒಂದೇ ಗೊತ್ತು: ಕರೆಂಟು ಬಂದರೆ ಪೂರ್ತಿ ತಿರುಗುವುದು. ಮೂರು ವಾಯರಿನದಕ್ಕೆ ಕರೆಂಟು ಕಡಿಮೆ ಕೊಟ್ಟು ನಿಧಾನ ಮಾಡಬಹುದು, ಆದರೆ ತೀರ ಕಡಿಮೆಯಾದರೆ ಮುನಿಸಿಕೊಂಡು ನಿಂತುಬಿಡುತ್ತದೆ. ನಾಲ್ಕು ವಾಯರಿನದಕ್ಕೆ ಹೊಟ್ಟೆ ತುಂಬ ಕರೆಂಟು ಕೊಟ್ಟು, ಎಷ್ಟು ತಿರುಗಬೇಕು ಅನ್ನುವುದನ್ನು ನಾಲ್ಕನೆಯ ವಾಯರಿನಲ್ಲಿ ಬೇರೆಯಾಗಿ ಹೇಳಬಹುದು. ಹೇಳಿದ ಮಾತು ಕೇಳುತ್ತದೆ. ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಅದೊಂದೇ ಆಗಲಿತ್ತು. ಇನ್ನು ದೊಡ್ಡದು ಯಾಕೆಂದರೆ, ದೊಡ್ಡ ಫ್ಯಾನು ಮೆಲ್ಲಗೆ ತಿರುಗಿದರೂ ಸಾಕಷ್ಟು ಗಾಳಿ ಸರಿಸುತ್ತದೆ. ಅಷ್ಟೇ ಗಾಳಿಗೆ ಸಣ್ಣದು ಕಿರುಚಾಡಬೇಕು. ಮನುಷ್ಯರಲ್ಲೂ ಇದನ್ನು ನೋಡಿದ್ದೇನೆ. ಮುಂದಿನವು ಧೂಳಿನ ಜಾಳಿಗೆಯ ಹಿಂದೆ ಕೂತು ಗಾಳಿ ಎಳೆಯಬೇಕಾದ್ದರಿಂದ ಅವಕ್ಕೆ ಅಗಲ ರೆಕ್ಕೆ, ಗಟ್ಟಿ ತಳ್ಳುವ ಶಕ್ತಿ ಬೇಕು.

ಮೂರು ಕರಿ ಫ್ಯಾನು ತಂದೆ. ಅಣ್ಣ ಮೂಗು ಮುರಿದ. "ಇವು ಏನವು, ಕಾಗಿ ಇದ್ದಂಗ. ಲೈಟಿನ್ವು ತಂದಿದ್ರ ಗಿರಾಕಿಗೆ ತೋರಸಾಕರ ಚಲೋ ಇರ್ತಿತ್ತು" ಅಂದ. ಗಿರಾಕಿಗಳು ಯಾವತ್ತಾದರೂ ಪಡಸಾಲೆಗೆ ಬಂದಿದ್ದರೇ? ಕೋಣನ ಮುಂದೆ ಕಿನ್ನರಿ ಬಾರಿಸಿ ನನ್ನ ಬೆರಳು ಸೋತಿದ್ದವು.

ಫ್ಯಾನು ಕೂರಿಸುವುದರಲ್ಲಿ ಒಂದೇ ಗುಟ್ಟು ಇದೆ, ಅದು ದಿಕ್ಕು. ಮುಂದಿನವು ಹೊರಗಿನ ತಂಪು ಗಾಳಿಯನ್ನು ಒಳಗೆ ಎಳೆಯಬೇಕು, ಹಿಂದಿನದು ಬಿಸಿಯನ್ನು ಹೊರಗೆ ನೂಕಬೇಕು. ರೆಕ್ಕೆ ಬಯಲಾಗಿ ಕಾಣುವ ಮುಖದಿಂದ ಗಾಳಿ ಒಳಬರುತ್ತದೆ; ಕಡ್ಡಿಗಳು ಅಡ್ಡ ಹಿಡಿದಿರುವ ಮುಖದಿಂದ ಹೊರಹೋಗುತ್ತದೆ. ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಗಬೇಕು, ಅಷ್ಟೇ. ಕೂರಿಸಿದ ಮೇಲೆ ಜಗಲಿಯಿಂದ ಒಂದು ಊದಿನಕಡ್ಡಿ ತಂದು ಹಚ್ಚಿ ಮುಂದೆ ಹಿಡಿದೆ. ಹೊಗೆ ಸರಕ್ಕನೆ ಒಳಗೆ ಹೋಯಿತು. ಹಿಂದೆ ಹಿಡಿದೆ, ಹೊಗೆ ಜಗಲಿಯ ಕಡೆ ಓಡಿತು. ಆ ಸಂತೋಷಕ್ಕೆ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಜಗಲಿಯ ಕಡೆ ಓಡಿದ ಹೊಗೆಯ ಬಗ್ಗೆ ಯೋಚಿಸಲಿಲ್ಲ.

ಸಂಜೆ ಗೊತ್ತಾಯಿತು. ಅವ್ವ ದೀಪ ಹಚ್ಚಿ ಕೈ ಮುಗಿದು ತಿರುಗುವುದರೊಳಗೆ ದೀಪ ಹೋಯಿತು. ಮತ್ತೆ ಹಚ್ಚಿದಳು. ರೆಂಡರ್ ನಡೆದಿತ್ತು, ಫ್ಯಾನು ಭರಾಟೆಯಲ್ಲಿತ್ತು. ಮತ್ತೆ ಹೋಯಿತು.

ನಮ್ಮ ಕಡೆ ದೀಪ ಆರಿತು ಅನ್ನಬಾರದು. ಶಾಂತ ಆಯಿತು ಅನ್ನಬೇಕು. ಎಣ್ಣೆ ತೀರಿ ತಾನಾಗಿ ಶಾಂತವಾದರೆ ಸರಿ. ಗಾಳಿಗೆ ಹೋದರೆ ಕೇಡು. ಅವ್ವನಿಗೆ ಇದು ಬರೀ ಮಾತಲ್ಲ. ಅಪ್ಪ ಎಲೆಬಳ್ಳಿಯ ತೋಟದಲ್ಲಿ ದುಡಿದು ಬಂದು ಅಂಗಳದಲ್ಲಿ ಕುಸಿದು ತೀರಿಹೋದ ಸಂಜೆ, ಟೇಬಲ್ ಫ್ಯಾನಿನ ಗಾಳಿಗೆ ದೀಪ ಹೋಗಿತ್ತಂತೆ. ಜಗಲಿಯ ಮೇಲೆ ಎಲ್ಲಮ್ಮ, ಅವಳ ಪಕ್ಕ ಅಪ್ಪ ತಂದು ತೂಗುಹಾಕಿದ್ದ ಬುದ್ಧನ ಪಟ, ಅದರ ಪಕ್ಕ ಈಗ ಅಪ್ಪನ ಪಟ. ಅಪ್ಪನಿಗೆ ದೀಪ ಧೂಪದಲ್ಲಿ ನಂಬಿಕೆ ಇರಲಿಲ್ಲ. "ಆ ಎಣ್ಣಿ ಉಳಿಸಿ ಮಕ್ಕಳಿಗೆ ಪಾಟಿ ಪುಸ್ತಕ ತರ್ರಿ" ಅನ್ನುತ್ತಿದ್ದವನು. ಅದೇ ಅಪ್ಪನ ಮುಂದೆ ಅವ್ವ ಕುಸುಬಿ ಎಣ್ಣೆಯ ದೀಪ ಹಚ್ಚಿ, ಅದು ಗಾಳಿಗೆ ಹೋಗದಂತೆ ಕಾವಲು ಕೂತಳು. ನನ್ನ ಮಷೀನಿನ ಬೆನ್ನಿಗೆ ಮೊರ ಆನಿಸಿ ನಿಲ್ಲಿಸಿದಳು. ಹೊರಗೆ ಹೋಗಬೇಕಾದ ಬಿಸಿ ಮೊರಕ್ಕೆ ಬಡಿದು ಮತ್ತೆ ಒಳಗೆ ಬಂತು. ಮೊರ ತೆಗೆದರೆ ದೀಪ ಹೋಗುತ್ತದೆ, ಇಟ್ಟರೆ ಮಷೀನು ಹೋಗುತ್ತದೆ.

"ಅಣ್ಣಾ, ಇದನ್ನ ಮುಂದಿನ ಕೋಣ್ಯಾಗ ಒಂದ ಮೂಲ್ಯಾಗ ಇಡತೇನಿ" ಅಂದೆ.

"ಅಲ್ಲಿ ಮಂದಿ ಬರ್ತಾರ, ಹೋಗ್ತಾರ. ನೀ ಅಲ್ಲಿ ಕುಂತ್ರ ಚಂದ ಕಾಣಂಗಿಲ್ಲ."

"ನಾ ಅಲ್ಲಿ ಕೂಡ್ರೂದಿಲ್ಲ. ಮಷೀನ್ ಇಡತೇನಿ, ವಾಯರ್ ಎಳ್ಕೋತೇನಿ."

"ಗೋಡಿ ಕೊರಿಯಾಕ ಬ್ಯಾಡ. ದೀಪಾನ ಜರಾ ಆ ಕಡೆ ಸರಸ್ರಿ."

ದೀಪ ಸರಿಸಬೇಕು ಅಂದದ್ದಕ್ಕೆ ಅವ್ವ ಎರಡು ಹೊತ್ತು ಉಣ್ಣಲಿಲ್ಲ. ಅಣ್ಣನ ಮೇಲಿನ ಸಿಟ್ಟಿಗಲ್ಲ, ನನ್ನ ಮೇಲಿನ ಸಿಟ್ಟಿಗೆ. ಅಣ್ಣ ಹೇಳಿದ ಮಾತಿಗೂ ಹೊಣೆ ನಾನೇ ಆದೆ.

ಕೊನೆಗೆ ದಾರಿ ಹುಡುಕಿದವಳು ನಾನೇ. ಮಷೀನಿನಲ್ಲಿ ಫ್ಯಾನು ಆಳುವ ಒಂದು ಪುಟವಿದೆ. ಕೆಳಗೆ ಬಿಸಿಯ ಅಂಕಿ, ಪಕ್ಕದಲ್ಲಿ ವೇಗದ ಅಂಕಿ, ನಡುವೆ ಒಂದು ಗೆರೆ. ಗೆರೆಯ ಮೇಲಿನ ಚುಕ್ಕೆಗಳನ್ನು ಎಳೆದು, ಎಷ್ಟು ಬಿಸಿಯಾದಾಗ ಎಷ್ಟು ಜೋರಾಗಿ ತಿರುಗಬೇಕು ಅಂತ ನಾವು ಹೇಳಬಹುದು. ಮೊದಮೊದಲು ನನ್ನ ಗೆರೆ ತೀರ ಕಡಿದಾಗಿತ್ತು. ಒಂದು ಫೋಟೋ ತೆರೆದರೂ ಫ್ಯಾನು ಹುಯ್ಯೆಂದು ಎದ್ದು, ಮುಚ್ಚಿದರೆ ಕೂರುತ್ತಿತ್ತು. ಸಣ್ಣಪುಟ್ಟ ಬಿಸಿಗೆಲ್ಲ ರೇಗಬೇಡ, ಸ್ವಲ್ಪ ತಾಳಿ ನೋಡಿ ಆಮೇಲೆ ಏಳು ಅಂತ ಅದಕ್ಕೆ ತಡೆ ಹಾಕಿ ಕಲಿಸಿದೆ. ಈ ವಿದ್ಯೆಯಲ್ಲಿ ನನಗೆ ಬಾಲ್ಯದಿಂದ ಅಭ್ಯಾಸವಿತ್ತು. ಎರಡು ಗೆರೆ ಮಾಡಿ ಎರಡಕ್ಕೂ ಹೆಸರಿಟ್ಟೆ. ಒಂದು "ಕೆಲಸ", ಇನ್ನೊಂದು "ದೀಪ". ಹಗಲೆಲ್ಲ "ಕೆಲಸ". ಸೂರ್ಯ ಇಳಿಯುವ ಹೊತ್ತಿಗೆ ರೆಂಡರ್ ನಿಲ್ಲಿಸಿ "ದೀಪ" ಒತ್ತಿದರೆ ಹಿಂದಿನ ದೊಡ್ಡ ಫ್ಯಾನು ಉಸಿರಾಡಿದಷ್ಟು ಮೆಲ್ಲಗೆ ತಿರುಗುತ್ತಿತ್ತು. ದೀಪದಲ್ಲಿ ಎಣ್ಣೆ ಇರುವಷ್ಟು ಹೊತ್ತು ನಾನು ಮಷೀನಿಗೆ ಹಗುರ ಕೆಲಸ ಕೊಡುತ್ತಿದ್ದೆ: ಫೋಟೋ ಆರಿಸುವುದು, ವಧೂವರರ ಹೆಸರು ಟೈಪು ಮಾಡುವುದು. ದಿನಾ ಒಂದಿಷ್ಟು ಕೆಲಸ ಹಿಂದೆ ಬೀಳುತ್ತಿತ್ತು. ಬೀಳಲಿ ಅಂದುಕೊಂಡೆ.

ಅವ್ವ ಮೊರ ಎತ್ತಿಟ್ಟಳು. ದೀಪ ಉಳಿಯಿತು, ಮಷೀನೂ ಉಳಿಯಿತು. ಒಂದು ಸಂಜೆ ಅವ್ವ ಫ್ಯಾನಿನ ಹಿಂದೆ ಅಂಗೈ ಹಿಡಿದು, "ಬೆಚ್ಚಗ ಐತಿ, ಕೂಸಿನ ಉಸರ ಇದ್ದಂಗ" ಅಂದಳು. ಈ ಮನೆಯಲ್ಲಿ ಅವ್ವನ ದೀಪಕ್ಕೂ ನನ್ನ ಮಷೀನಿಗೂ ಜಾಗ ಮಾಡಿದ್ದು ನಾನು, ಅವ್ವನಿಗೆ ಅದು ತಿಳಿದಿದೆ ಅಂತ ನಂಬಿದೆ.

ಸೀಜನ್ನು ಮುಗಿಯಲು ಇನ್ನು ಕೆಲವೇ ಮುಹೂರ್ತ ಉಳಿದಿದ್ದವು. ಹಾನಗಲ್ಲಿನ ಮದುವೆ ಮುಗಿಸಿ ಕೊಟ್ಟಿದ್ದೆ. ಹುಲಗೂರಿನ ಒಂದು ಮದುವೆ ಅರ್ಧ ಆಗಿತ್ತು. ಶಿಗ್ಗಾಂವಿಯ ಗೆಳತಿ ಅಂಗಡಿಯ ನಡುವೆ ಕಟ್ಟಲು ಪರದೆ ಹೊಲಿದಿಟ್ಟು, ಅದರ ಫೋಟೋ ಕಳಿಸಿದ್ದಳು. ಅಷ್ಟರಲ್ಲಿ ಚಿಕ್ಕೇರೂರಿಗೆ ಕೊಟ್ಟ ನಮ್ಮ ಅಕ್ಕನಿಗೆ ಹಿರೇಕೆರೂರಿನಲ್ಲಿ ಗರ್ಭಚೀಲದ ಆಪರೇಷನ್ ಆಯಿತು. ಅವಳ ಮನೆಯಲ್ಲಿ ಎತ್ತಿ ಕೂರಿಸಲು ಹೆಣ್ಣು ದಿಕ್ಕಿಲ್ಲ. ಹೋಗಬೇಕಾದವಳು ನಾನೇ. ಹೊರಡುವಾಗ ಅಣ್ಣನನ್ನು ಕೂರಿಸಿ ತೋರಿಸಿದೆ.

"ಹೊತ್ತು ಮುಳುಗೂದಕ್ಕ ಇದನ್ನ ಒತ್ತು. ರೆಂಡರ್ ನಿಲ್ಲಸು. ಅಷ್ಟ ಮಾಡು. ಬ್ಯಾರೆ ಏನೂ ಮುಟ್ಟಬ್ಯಾಡ."

"ನಾ ಏನ್ ಸಣ್ಣ ಹುಡುಗ ಏನು?" ಅಂದ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದು ಎದ್ದು ಕೂರುವಂತಾಗಿದ್ದಳು. ಅವಳಿಗೆ ಗಂಜಿ ಕುಡಿಸುವಾಗ ಅಣ್ಣನ ಫೋನು ಬಂತು. ಧ್ವನಿಯಲ್ಲಿ ಹಬ್ಬ.

"ತಂಗೀ, ನಿನ್ನ ಫ್ಯಾನಿನ ತಕರಾರು ಮುಗಿಸಿಬಿಟ್ಟೆ ನೋಡು. ಇಷ್ಟ ದಿನ ನೀ ಓದಿ ಓದಿ ಮಾಡಲಾರದ್ದು, ನಾ ಒಂದ ಸ್ಕ್ರೂಡ್ರೈವರಿನ್ಯಾಗ ಮಾಡೇನಿ."

"ಏನ್ ಮಾಡಿದಿ ಅಣ್ಣಾ?"

"ಹುಲಗೂರಿನವ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಿದ್ರು. ಸಂಜಿ ಮುಂದ ನಿಲ್ಲಸಾಕ ಆಗ್ಲಿಲ್ಲ. ದೀಪ ಹೋತು, ಅವ್ವ ಅಳಾಕತ್ಲು. ಹಿಂದಿನ ಫ್ಯಾನ್ ಬಿಚ್ಚಿ ತಿರುವಿ ಹಾಕಿದೆ. ಈಗ ಗಾಳಿ ಹೊರಗ ಬರಂಗಿಲ್ಲ, ಒಳಗ ಹೊಕ್ಕೈತಿ. ದೀಪ ಮಿಸುಕಾಡಂಗಿಲ್ಲ. ಮಷೀನಿಗೂ ಗಾಳಿ ಜಾಸ್ತಿ ಆತಲ್ಲ!"

ಗಂಜಿಯ ಬಟ್ಟಲು ಕೆಳಗಿಟ್ಟು ಎದ್ದು ಹೊರಗೆ ಬಂದೆ. ಮೂರು ಫ್ಯಾನೂ ಒಳಗೇ ಊದುತ್ತಿದ್ದವು. ಬಿಸಿ ಹೋಗಲು ತಲೆಯ ಮೇಲಿನ ಜಾಳಿಗೆ ಬಿಟ್ಟರೆ ಬಾಗಿಲಿಲ್ಲ. ಹಿಂದಿನ ಫ್ಯಾನು ಎಳೆಯುತ್ತಿರುವುದು ಬರೀ ಗಾಳಿಯನ್ನಲ್ಲ. ಕುಸುಬಿ ಎಣ್ಣೆಯ ಕಾಡಿಗೆ, ಊದಿನಕಡ್ಡಿಯ ಬೂದಿ, ಲೋಬಾನದ ಹೊಗೆ.

"ಅಣ್ಣಾ, ಕೈ ಮುಗಿತೇನಿ. ಈಗಿಂದೀಗ ಬಂದ್ ಮಾಡು. ನಾ ಬರೂತನಕ ಚಾಲೂ ಮಾಡಬ್ಯಾಡ."

"ಎಲ್ಲಾ ನಿನಗ ಗೊತ್ತೈತಿ, ನಮಗೇನೂ ಗೊತ್ತಿಲ್ಲ. ಬಾ, ಬಂದ ಮ್ಯಾಲ ನೋಡು." ಫೋನನ್ನು ಅವ್ವನಿಗೆ ಕೊಟ್ಟ. ಅವ್ವ ನಗುತ್ತಿದ್ದಳು. "ಚಲೋ ಮಾಡ್ಯಾನವಾ ನಿಮ್ಮಣ್ಣ. ದೀಪ ನೆಟ್ಟಗ ನಿಂತೈತಿ."

ಮರುದಿನವೇ ಹೊರಡಬೇಕೆಂದರೆ ಅಕ್ಕನಿಗೆ ಜ್ವರ ಬಂತು. ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ನಾನು ಕೂತಿದ್ದೆ. ಫೋನು ಮಾಡಿದಾಗಲೆಲ್ಲ ಅಣ್ಣ "ಎಲ್ಲಾ ಆರಾಮ ಐತಿ" ಅನ್ನುತ್ತಿದ್ದ. ಅಕ್ಕನ ಜ್ವರ ಇಳಿದು, ಅವಳ ನಾದಿನಿ ತನ್ನ ಗಂಡನ ಮನೆಯಿಂದ ಬಂದಳೋ ಇಲ್ಲವೋ, ನಾನು ಚಿಕ್ಕೇರೂರಿನಿಂದ ಬಸ್ಸು ಬದಲಿಸಿ ಬದಲಿಸಿ ಸವಣೂರಿಗೆ ಬಂದೆ. ದೀಪ ಹಚ್ಚುವ ಹೊತ್ತಾಗಿತ್ತು.

ಚಪ್ಪಲಿ ಬಿಡುವಾಗಲೇ ಕಂಡಿತು. ಜಗಲಿಯ ಮೇಲೆ ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಪಕ್ಕ ಚುಚ್ಚಿದ್ದ ಊದಿನಕಡ್ಡಿಯ ಹೊಗೆ ಮೇಲೆ ಏಳದೆ, ಅಡ್ಡ ಹರಿದು, ನನ್ನ ಮಷೀನಿನ ಬೆನ್ನೊಳಗೆ ಇಳಿಯುತ್ತಿತ್ತು. ಮಷೀನು ಚಾಲೂ ಇತ್ತು. ಮೂರೂ ಫ್ಯಾನು ಪೂರ್ತಿ ವೇಗದಲ್ಲಿ ಅರಚುತ್ತಿದ್ದವು. ಬಿಸಿಯಾದಷ್ಟೂ ಜೋರಾಗಿ ತಿರುಗು ಅಂತ ಕಲಿಸಿದ್ದವಳು ನಾನು. ಅವು ಪಾಪ, ತಿರುಗಿದಷ್ಟೂ ಹೊಗೆಯನ್ನು ಒಳಗೆ ತುಂಬುತ್ತಿದ್ದವು. ಡಬ್ಬಿಯ ತಲೆಯ ಮೇಲೆ, ಬಿಸಿ ಹೋಗಲು ಉಳಿದಿದ್ದ ಆ ಒಂದೇ ಜಾಳಿಗೆಯ ಮೇಲೆ, ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆ ಇತ್ತು. ಈ ಸಲ ಚೆನ್ನಾಗಿ ಹಿಂಡಿರಲಿಲ್ಲ. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಪ್ಲಗ್ಗು ಎಳೆದು ಕಿತ್ತೆ.

"ಭಾಳ ಒದರಾಕತ್ತಿತ್ತವಾ," ಅಂದಳು ಅವ್ವ. "ಮೈ ಸುಡಾಕತ್ತಿತ್ತು. ನೀನೂ ಇರಲಿಲ್ಲ. ನೋಡಲಾರದ ಹಾಕಿದೆ."

ನೋಡಲಾರದೆ ಹಾಕಿದಳು. ಅವಳಿಗೆ ಏನು ಅನ್ನಲಿ? ಬೇಡ ಅಂದದ್ದನ್ನು ಮರೆತಿದ್ದಳು ಅನ್ನಲಾರೆ, ನೆನಪಿತ್ತು, ನಂಬಿರಲಿಲ್ಲ. ಅವಳ ಕರುಳಿಗೆ ನನ್ನ ಮಾತಿಗಿಂತ ಆ ಡಬ್ಬಿಯ ಜ್ವರ ಹೆಚ್ಚು ನಿಜವಾಗಿತ್ತು. ನಾನು ಆ ಹೊತ್ತಿನಲ್ಲಿ ಅವ್ವನನ್ನು ದ್ವೇಷಿಸಿದೆ. ಇದನ್ನು ಮುಚ್ಚಿಟ್ಟು ಏನು ಮಾಡಲಿ. ಅಣ್ಣನನ್ನು ದ್ವೇಷಿಸುವುದು ಹಳೆಯ ಅಭ್ಯಾಸ, ಅದರಲ್ಲಿ ನೋವಿರಲಿಲ್ಲ. ಇದರಲ್ಲಿ ಇತ್ತು.

ಪಕ್ಕದ ಬಾಗಿಲು ಬಿಚ್ಚಿದೆ. ಒಳಗೆ ಒಲೆಯ ಮೇಲಿನ ಗೋಡೆ ಹೇಗಿರುತ್ತದೋ ಹಾಗಿತ್ತು. ಎಣ್ಣೆ ಕಾಡಿಗೆಗೆ ಧೂಳು ಅಂಟಿ, ಜಿಡ್ಡಿನ ಮೇಲೆ ಜಿಡ್ಡು. ಅದರ ಮೇಲೆ ಹರಿದ ನೀರು ಕರಿ ಗೆರೆ ಎಳೆದಿತ್ತು. ಅಣ್ಣ ಹಿಂದೆ ಬಂದು ನಿಂತು ಇಣುಕಿದ. "ಇಷ್ಟ ಹೊಲಸ ಇಟ್ಟಿದ್ದಿ ಏನು ಒಳಗ?" ಅಂದ. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ. ನಿಜಕ್ಕೂ ಹಾಗೇ ಅಂದುಕೊಂಡಿದ್ದ, ಅದಕ್ಕೇ ಮೈ ಉರಿಯಿತು.

ಎಲ್ಲ ಬಿಚ್ಚಿದೆ. ಬ್ರಷ್ಷಿನಿಂದ, ಸ್ಪಿರಿಟ್ಟಿನಿಂದ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿದೆ. ನೆರಳಲ್ಲಿ ಹರವಿ ದಿನಗಟ್ಟಲೆ ಒಣಗಿಸಿದೆ. ಫ್ಯಾನುಗಳ ಒಂದೊಂದು ರೆಕ್ಕೆ ತೊಳೆದೆ. ಹಿಂದಿನದನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಸ್ಕ್ರೂ ಬಿಗಿದೆ. ಆಮೇಲೆ, ದೇವರನ್ನು ನಂಬದ ನಾನು, ಅಪ್ಪನ ಪಟದ ಕಡೆ ಒಮ್ಮೆ ನೋಡಿ ಬಟನ್ ಒತ್ತಿದೆ.

ಫ್ಯಾನುಗಳು ತಿರುಗಿದವು. ಮೂರೂ, ಎಷ್ಟು ಹಗುರಾಗಿ, ಎಷ್ಟು ಚೆನ್ನಾಗಿ. ಕಂಪ್ಯೂಟರಿನ ಪರದೆ ಕರ್ರಗೆ ಉಳಿಯಿತು. ಮತ್ತೆ ಒತ್ತಿದೆ. ಫ್ಯಾನು ತಿರುಗಿದವು, ಪರದೆ ಕರ್ರಗಿತ್ತು. ಒಳಗಿನ ಬೋರ್ಡು ಸತ್ತಿತ್ತು. ತಂಪು ಮಾಡಲು ಏನೂ ಉಳಿಯದ ಮೇಲೂ ಅವು ತಿರುಗುತ್ತಲೇ ಇದ್ದವು.

"ಫ್ಯಾನ್ ತಿರಗಾಕತ್ತಾವಲ್ಲ, ಚಲೋನ ಐತಿ" ಅಂದ ಅಣ್ಣ, ಬಾಗಿಲಲ್ಲಿ ನಿಂತು. ಸತ್ತಿದೆ ಅಂದೆ. ಅವನು ಬಾಗಿ ಕರಿ ಪರದೆ ನೋಡಿದ. ಆಮೇಲೆ, "ಇಂಥಾ ಜೋಡಿಸಿದ ಮಷೀನಿಂದು ಇದ ಹಣೆಬಾರ. ಕಂಪನಿದು ತಗೋಬೇಕಿತ್ತು" ಅಂದ. ಅಷ್ಟರಲ್ಲೇ ಅವನಿಗೆ ಸಮಾಧಾನವಾಯಿತು. ಹುಲಗೂರಿನವರ ಮದುವೆಯನ್ನು ಕ್ಯಾಮೆರಾದ ಕಾರ್ಡಿನಿಂದ ತೆಗೆದು ಹುಬ್ಬಳ್ಳಿಯ ಎಡಿಟಿಂಗ್ ಅಂಗಡಿಯವರ ಕೈಗೆ ಕೊಟ್ಟ. ಅವರು ಮಾಡಿಕೊಟ್ಟರು. ಅಂದಿನಿಂದ ಎಲ್ಲ ಮದುವೆ ಅಲ್ಲಿಗೇ ಹೋಗುತ್ತವೆ. "ನೀ ಆರಾಮ ಇರು ಇನ್ನ" ಅಂತ ನನಗೆ ಹೇಳಿದ, ಉಪಕಾರ ಮಾಡಿದವನ ಹಾಗೆ. ಈ ಮನೆಯಲ್ಲಿ ನಾನು ಆರಾಮ ಬೇಡಿದ್ದು ಯಾವಾಗ?

ಶಿಗ್ಗಾಂವಿಯ ಗೆಳತಿ ಮಳೆ ಶುರುವಾಗುವವರೆಗೆ ಕಾದಳು. ಆಮೇಲೆ ಫೋನು ಮಾಡಿದಳು. "ಝೆರಾಕ್ಸಿನವ್ರು ಕೇಳಾಕತ್ತಾರ. ಎಷ್ಟಂತ ಖಾಲಿ ಇಡ್ಲಿ, ನೀನ ಹೇಳು." ಕೊಡು ಅಂದೆ. ಹೊಲಿದಿಟ್ಟ ಪರದೆಯನ್ನು ಏನು ಮಾಡುತ್ತೀ ಅಂತ ಕೇಳಲು ಬಾಯಿ ಬರಲಿಲ್ಲ.

ನಾನು ಮತ್ತೆ ಟೈಪಿಂಗ್ ಕ್ಲಾಸಿಗೆ ಹೋಗುತ್ತೇನೆ. ಮೊದಲೂ ಹೋಗುತ್ತಿದ್ದೆ, ಆಗ ಮಷೀನು ಕೊಳ್ಳಲು, ಈಗ ಸುಮ್ಮನೆ. ಪಡಸಾಲೆಯ ಮೂಲೆಯಲ್ಲಿ ಅವ್ವ ಜೋಳದ ಡಬ್ಬಿ ಇಟ್ಟಿದ್ದಾಳೆ. ಸಂಜೆ ದೀಪ ಹಚ್ಚಿ ನನ್ನನ್ನು ಕರೆದು ತೋರಿಸುತ್ತಾಳೆ, ಎಷ್ಟು ಶಾಂತ ಉರಿಯುತ್ತಿದೆ ನೋಡು ಅಂತ. ನಿಜ, ಒಂಚೂರೂ ಅಲುಗುವುದಿಲ್ಲ.

ಸತ್ತ ಮಷೀನನ್ನು ನಾನು ಮಂಚದ ಕೆಳಗೆ ತಳ್ಳಿಟ್ಟಿದ್ದೆ. ಮಳೆಗಾಲದ ಒಂದು ಮುಂಜಾನೆ ಪರಿಚಯದ ಸಪ್ಪಳಕ್ಕೆ ಎಚ್ಚರವಾಯಿತು. ಹಿತ್ತಲ ಕಡೆಯಿಂದ ಬರುತ್ತಿತ್ತು. ಆ ಸಪ್ಪಳ ನನಗೆ ಯಾವ ನಿದ್ದೆಯಲ್ಲೂ ಗೊತ್ತಾಗುತ್ತದೆ: ನನ್ನ ದೊಡ್ಡ ಫ್ಯಾನು, ಪೂರ್ತಿ ವೇಗದಲ್ಲಿ. ಎದ್ದು ಹೋದೆ. ಬಚ್ಚಲ ಒಲೆಯ ಮುಂದೆ ಅವ್ವ ಕೂತಿದ್ದಳು. ಕಟ್ಟಿಗೆ ಹಸಿಯಾಗಿದ್ದರಿಂದ ಅಣ್ಣ ಹಿಂದಿನ ದಿನ ಫ್ಯಾನನ್ನು ಬಿಚ್ಚಿ, ಹಳೆಯ ಚಾರ್ಜರಿಗೆ ಎರಡೇ ವಾಯರು ಜೋಡಿಸಿ, ಮುಂದೆ ಒಂದು ತಗಡಿನ ಕೊಳವೆ ಸಿಗಿಸಿ ಒಲೆಯ ಬಾಯಿಗೆ ಇಟ್ಟುಕೊಟ್ಟಿದ್ದ. ಉಳಿದ ಎರಡು ವಾಯರು ಗಾಳಿಯಲ್ಲಿ ನೇತಾಡುತ್ತಿದ್ದವು. ಈ ಸಲ ದಿಕ್ಕು ಸರಿಯಾಗಿತ್ತು. ಬೆಂಕಿ ಧಗಧಗ ಉರಿಯುತ್ತಿತ್ತು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

ಅವ್ವ ನನ್ನ ಕಡೆ ತಿರುಗಿದಳು. ಊದುಗೊಳವೆ ಊದಿ ಊದಿ ಕೆಮ್ಮುತ್ತಿದ್ದವಳ ಮುಖ ಅಂದು ಅರಳಿತ್ತು.

"ಎಷ್ಟ್ ಚಲೋ ಗಾಳಿ ಬಿಡತೈತೆವಾ ಇದು! ಇಂಥಾದ್ದನ್ನ ಇಷ್ಟ ದಿನ ಸುಮ್ಮ ಸುಮ್ಮನ ಆ ಡಬ್ಯಾಗ ಇಟ್ಟಿದ್ಯಲ್ಲ."

ನಾನು ಬಕೀಟಿಗೆ ಬಿಸಿನೀರು ತೋಡಿಕೊಂಡು ಜಳಕಕ್ಕೆ ಹೋದೆ.